ಕುಪವಾಡದ ತಗ್ಗಿನಲ್ಲಿ ಒಂದೇ ದನಿ

ಮೊದಲು ಮಳೆ ನಿಲ್ಲಬೇಕು. ಅನಂತರ ರಾತ್ರಿಪಾಳಿಯ ಲೇತ್ ಯಂತ್ರಗಳು ಒಂದೊಂದಾಗಿ ನಿಲ್ಲಬೇಕು. ಅವು ನಿಂತ ಮೇಲೆ, ಬೆಳಗಿನ ಪಾಳಿಯ ಸೈರನ್ನು, ಇಲ್ಲಿಯವರ ‘ಭೋಂಗಾ’, ಕೂಗುವುದಕ್ಕೆ ಮೊದಲು, ಸಾಂಗಲಿ ಪಕ್ಕದ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮುಕ್ಕಾಲು ಗಂಟೆಯಷ್ಟು ನಿಶ್ಶಬ್ದ ಸಿಗುತ್ತದೆ. ಶಾಲನ ಮಗದುಮ ಅವರ ಕೆಲಸ ನಡೆಯುವುದು ಈ ಮುಕ್ಕಾಲು ಗಂಟೆಯಲ್ಲಿ.

2001ರ ಜೂನ್ ಎಂಟು, ಶುಕ್ರವಾರದ ಬೆಳಗಿನ ಜಾವ. ಎರಕದ ಶೆಡ್ಡೊಂದರ ಹಿಂದೆ, ಜಾಲಿಯ ಪೊದೆಗಳಿಗೂ ಸುಟ್ಟ ಮರಳಿನ ಗುಡ್ಡೆಗಳಿಗೂ ನಡುವೆ, ಎರಡು ಚಕ್ಕಡಿಗಳು ಒಟ್ಟಿಗೆ ನಿಲ್ಲಬಹುದಾದಷ್ಟು ಅಗಲದ ಒಂದು ತಗ್ಗಿದೆ. ಅದರ ಅಂಚಿನಲ್ಲಿ, ಪ್ರಯೋಗಾಲಯದ ಕಬ್ಬಿಣದ ಸ್ಟೂಲಿನ ಮೇಲೆ, ರೇನ್‌ಕೋಟು ತೊಟ್ಟು ಅವರು ಕುಳಿತಿದ್ದಾರೆ. ನಿನ್ನೆ ಹೊತ್ತು ಮುಳುಗುವ ಮೊದಲು ಕುಳಿತವರು ಇನ್ನೂ ಎದ್ದಿಲ್ಲ. ಪಾದಗಳು ಸ್ಟೂಲಿನ ಅಡ್ಡಪಟ್ಟಿಯ ಮೇಲಿವೆ, ನೆಲಕ್ಕೆ ತಾಗಿಲ್ಲ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಟೇಪ್‌ರೆಕಾರ್ಡರ್. ಸ್ಟೂಲಿಗೆ ನೇತುಹಾಕಿದ ಬಟ್ಟೆಯ ಚೀಲದಲ್ಲಿ ಅಗಲಬಾಯಿಯ ಒಂದು ಗಾಜಿನ ಜಾಡಿ, ಜಾಡಿಯಲ್ಲಿ ಅರ್ಧದವರೆಗೆ ಸ್ಪಿರಿಟ್. ಇಪ್ಪತ್ತು ವರ್ಷಗಳ ವೃತ್ತಿಜೀವನದಲ್ಲಿ ಅವರು ಇಂಥ ಜಾಡಿಯೊಂದನ್ನು ಪ್ರಯೋಗಾಲಯದಿಂದ ಹೊರಗೆ ತಂದಿರುವುದು ಇದೇ ಮೊದಲು.

ಕೊನೆಯ ಲೇತ್ ನಿಲ್ಲುತ್ತದೆ. ತಗ್ಗಿನ ಆಚೆ ಬದಿಯಿಂದ ಒಂದು ಸಣ್ಣ ಶಬ್ದ ಕೇಳುತ್ತದೆ: ಟಕ್-ಟಕ್. ತುಸು ಬಿಡುವು. ಮತ್ತೆ ಟಕ್-ಟಕ್. ಖಾಲಿ ತಾಮ್ರದ ಕೊಡವನ್ನು ಉಗುರಿನಿಂದ ಬಡಿದಂತೆ. ಶಾಲನ ಅವರು ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಾರೆ. ಆ ದನಿಗೆ ಇನ್ನೊಂದು ದನಿ ಉತ್ತರಿಸಬೇಕು. ಉತ್ತರಿಸುವುದಿಲ್ಲ.

ಭೋಂಗಾ ಕೂಗಿದ ಮೇಲೆ ಅವರು ಕುಳಿತಲ್ಲಿಂದಲೇ ನಸುಬೆಳಕಿನಲ್ಲಿ ತಗ್ಗಿನ ನೀರಿನ ಮೇಲೆ ಕಣ್ಣಾಡಿಸಿ, ರೆಕಾರ್ಡರಿನ ಗುಂಡಿ ಒತ್ತಿ, ಅದಕ್ಕೆ ಕೇಳುವಷ್ಟೇ ಸಣ್ಣ ದನಿಯಲ್ಲಿ ದಿನದ ಫಲಿತಾಂಶವನ್ನು ಹೇಳುತ್ತಾರೆ. "ಕುಪವಾಡ ತಗ್ಗು. ಜೂನ್ ಎಂಟು. ಕೂಗು ಒಂದು. ಮೊಟ್ಟಿ ಇಲ್ಲ."

ಆ ಕಪ್ಪೆಗೆ ಹೆಸರಿಲ್ಲ. ಅವರ ಹುಟ್ಟೂರು ಖಂಡೇರಾಜುರಿಯಂಥ ಹಳ್ಳಿಗಳಲ್ಲಿ ಮಣ್ಣಿನೊಳಗೆ ವಾಸಿಸುವ ಎಲ್ಲ ಕಪ್ಪೆಗಳನ್ನೂ ಜನ ಒಟ್ಟಾಗಿ ‘ಮಣ್ಣಗಪ್ಪಿ’ ಎನ್ನುತ್ತಾರೆ. ಇದೂ ಅಂಥದೇ: ಹೆಬ್ಬೆರಳಿನ ಗಾತ್ರ, ಉಬ್ಬಿದ ಮೈ, ಹಸಿಮಣ್ಣಿನ ಬಣ್ಣ. ವರ್ಷದ ಬಹುಭಾಗ ನೆಲದೊಳಗೆ ಹೂತುಕೊಂಡಿದ್ದು, ಮೊದಲ ದೊಡ್ಡ ಮಳೆಗಳ ಕೆಲವೇ ದಿನ ಮೇಲೆ ಬರುತ್ತದೆ. ಕೂಗುವುದು ಗಂಡು ಮಾತ್ರ. ಈ ಜೋಡಿ ಬಡಿತದ ಕೂಗು, ಶಾಲನ ಅವರಿಗೆ ತಿಳಿದ ಮಟ್ಟಿಗೆ, ಬೇರಾವ ಮಣ್ಣಗಪ್ಪೆಗೂ ಇಲ್ಲ. ಹತ್ತಿರ ಹೆಜ್ಜೆಯ ಸಪ್ಪಳವಾದರೆ ಸಾಕು, ಅದು ಸುಮ್ಮನಾಗುತ್ತದೆ. ಸುಮ್ಮನಾಗಲು ಇನ್ನೊಂದು ಕಾರಣವೂ ಉಂಟು.

"ಹೆಣ್ಣು ಬಂತಂದ್ರ ಕೂಗೂದು ಬಿಡತೈತಿ," ಎನ್ನುತ್ತಾರೆ ಅವರು. "ಮತ್ಯಾಕ ಕೂಗಬೇಕರಿ? ಕರದದ್ದು ಬಂದಾತಲ್ಲ."

ಶೆಡ್ಡಿನ ಹಿಂಬಾಗಿಲು ತೆರೆದು ಗುರುಸಿದ್ಧಪ್ಪ ಅವರು ಸ್ಟೀಲಿನ ಲೋಟದಲ್ಲಿ ಚಹಾ ಹಿಡಿದು ಬರುತ್ತಾರೆ. ಈ ಶೆಡ್ಡು ಮತ್ತು ತಗ್ಗು ಎರಡೂ ಅವರವು. ಸಾಂಗಲಿಯ ಪೇಟೆಯಲ್ಲಿ ಮೂರು ತಲೆಮಾರು ಅರಿಶಿನದ ವ್ಯಾಪಾರ ಮಾಡಿದ ಮನೆತನ. ತೊಂಬತ್ತೊಂದರ ನಂತರ ಎಲ್ಲರೂ ಕಾರ್ಖಾನೆ ಹಾಕತೊಡಗಿದಾಗ ಇವರೂ ಇಲ್ಲಿ ಪ್ಲಾಟು ಹಿಡಿದು ಪಂಪಿನ ಭಾಗಗಳ ಎರಕ ಆರಂಭಿಸಿದರು. ವಯಸ್ಸು ಅರವತ್ತು ದಾಟಿದೆ; ಹಣೆಯಲ್ಲಿ ವಿಭೂತಿ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಬಾಗಿಲಿನ ಸಿಮೆಂಟಿನ ಮೆಟ್ಟಿಲನ್ನು ಅವರು ಇಳಿಯುವುದಿಲ್ಲ. ಇಳಿಯಬಾರದೆಂದು ಎಂಟು ವರ್ಷಗಳ ಒಡನಾಟದಲ್ಲಿ ಕಲಿತಿದ್ದಾರೆ.

"ಏನ್ರಿ ಬಾಯಾರ, ನಮ್ಮ ಬಾಡಗಿದಾರ ಎದ್ದಾನೇನು?"

"ಎದ್ದಾನ್ರಿ ಕಾಕಾ. ಒಬ್ಬಾಂವ ಅದಾನ."

"ಒಬ್ಬಾಂವ? ಹೋದ ವರ್ಷ ನಾಕ ಮಂದಿ ಅಂದಿದ್ರಿ."

"ನಾಕ ಇದ್ದೂ. ಈ ಸಲ ಒಂದ ದನಿ."

ಗುರುಸಿದ್ಧಪ್ಪ ಅವರು ಚಹಾದ ಲೋಟವನ್ನು ಬಗ್ಗಿ ಕೈಗೆ ಕೊಡುತ್ತಾರೆ. "ಹಂಗಾರ ಮುಗೀತು ಬಿಡ್ರಿ. ಬಾಡಗಿ ಅಂತೂ ಕೊಡಂಗಿಲ್ಲ, ಮ್ಯಾಲ ಬ್ರಹ್ಮಚಾರಿ. ನಿಮ್ಮ ವಿಶ್ರಾಮಬಾಗದಾಗ ಯಾರರ ಬ್ರಹ್ಮಚಾರಿಗೆ ಖೋಲಿ ಕೊಡತಾರೇನು?"

ನಗು ಮುಗಿದ ಮೇಲೆ ಅವರು ತಗ್ಗಿನ ಅಂಚಿನಲ್ಲಿ ಬಿದ್ದಿರುವ ಗರಸುಮಣ್ಣಿನ ರಾಶಿಯ ಕಡೆ ನೋಡುತ್ತಾರೆ. ಗುರುವಾರ ಮಧ್ಯಾಹ್ನ ಒಂದು ಟಿಪ್ಪರ್ ಮೊದಲ ಲೋಡನ್ನು ಸುರಿದು, ಕೆಸರಿನಲ್ಲಿ ಹೂತು, ಆಳುಗಳಿಂದ ತಳ್ಳಿಸಿಕೊಂಡು ಹೋಗಿದೆ. ಅದರ ಹಿಂದಿನ ಗಾಲಿಗಳು ಅಗೆದ ಎರಡು ಗುಳಿಗಳಲ್ಲಿ ಈಗ ಮಳೆನೀರು ನಿಂತಿದೆ. ಉಳಿದ ಲೋಡುಗಳು ಸೋಮವಾರ ಬರಬೇಕು. ತಗ್ಗು ತುಂಬಬೇಕು. ಅದರ ಮೇಲೆ ಎರಡನೆಯ ಶೆಡ್ಡು ಏಳಬೇಕು.

"ಖರೆ ಹೇಳ್ತೇನಿ ಬಾಯಾರ," ಎನ್ನುತ್ತಾರೆ ಗುರುಸಿದ್ಧಪ್ಪ. "ಒಬ್ಬನ ಸಲುವಾಗಿ ಶೆಡ್ ನಿಲ್ಲಸಾಕ ಆಗಂಗಿಲ್ಲ. ನನ್ನ ಹುಡುಗರು ನಗತಾರ. ಸಂಸಾರ ಐತಿ ಅಂತ ತೋರಸ್ರಿ, ಈ ಮಳಿಗಾಲ ಮುಟ್ಟಂಗಿಲ್ಲ, ಮುಂದಿನ ವರ್ಷಾನೂ ಬ್ಯಾರೆ ಕಡೆ ಜಾಗಾ ನೋಡತೇನಿ. ಇಲ್ಲಂದ್ರ ಸೋಮವಾರ ಟಿಪ್ಪರ್ ಬರತಾವ. ರವಿವಾರದ ತನಕ ನೋಡ್ರಿ."

"ಆತು," ಎನ್ನುತ್ತಾರೆ ಶಾಲನ.

ಬೆಳಕು ಹರಿದು, ನೆಲದ ಮೇಲೆ ಏನಿದೆ ಎಂಬುದು ಸ್ಪಷ್ಟವಾಗಿ ಕಾಣತೊಡಗಿದ ಮೇಲಷ್ಟೇ ಅವರು ಕಾಲು ಕೆಳಗಿಡುತ್ತಾರೆ. ಒಂದೊಂದು ಹೆಜ್ಜೆಗೂ ಜಾಗ ನೋಡಿ, ಮೊಪೆಡ್ಡಿನವರೆಗೆ ನಡೆಯುತ್ತಾರೆ. ಜಾಡಿಯ ಮುಚ್ಚಳ ಹಾಕಿದಂತೆಯೇ ಇದೆ.

ಮಿರಜ ತಾಲ್ಲೂಕಿನ ಖಂಡೇರಾಜುರಿಯಲ್ಲಿ, ಕನ್ನಡ ಮಾತಿನ ಜೈನ ಒಕ್ಕಲುತನದ ಮನೆಯಲ್ಲಿ ಶಾಲನ ಹುಟ್ಟಿದ್ದು 1957ರಲ್ಲಿ. ತಂದೆ ನೇಮಿನಾಥ, ತಾಯಿ ಬಾಳವ್ವ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅವರ ಮನೆಯಲ್ಲಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುತ್ತಿರಲಿಲ್ಲ. ಸೋಸಿದ ಮೇಲೆ ಬಾಳವ್ವ ಬಟ್ಟೆಯನ್ನು ಮಗುಚಿ, ಶುದ್ಧ ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಮತ್ತೆ ಬಾವಿಗೇ ಬಿಡುತ್ತಿದ್ದರು. ಬೇರೆ ಬಾವಿಯ ನೀರು ಬಂದ ದಿನ, ಆ ಬಟ್ಟೆಯ ತೊಳೆದ ನೀರು ಆ ಬಾವಿಗೇ ಹೋಗಬೇಕು. ಅದಕ್ಕಾಗಿ ಒಂದು ಚಿಕ್ಕ ತಂಬಿಗೆಯೇ ಬೇರೆ ಇತ್ತು. ಮೊದಲ ಮಳೆ ಬಿದ್ದ ದಿನದಿಂದ ದೀಪಾವಳಿಯವರೆಗೆ ಕತ್ತಲಲ್ಲಿ ಹಸಿನೆಲ ತುಳಿಯಬಾರದೆಂಬುದು ಇನ್ನೊಂದು ನೇಮ. ಕಾಲಡಿ ಸಿಕ್ಕು ಸಾಯುವ ಜೀವಗಳು ಆ ತಿಂಗಳುಗಳಲ್ಲಿ ಹೆಚ್ಚು.

ಸಾಂಗಲಿಯಲ್ಲಿ ಬಿ.ಎಸ್ಸಿ. ಓದುವಾಗ ಅವರು ಮೊದಲ ಬಾರಿ ಕಪ್ಪೆಯನ್ನು ಕೊಯ್ದರು. ಅಂಕಗಳು ಚೆನ್ನಾಗಿಯೇ ಬಂದವು. ಆ ಶನಿವಾರ ಊರಿಗೆ ಹೋಗಿ ತಾಯಿಗೆ ಹೇಳಿದಾಗ ಅವರು ಬೈಯಲಿಲ್ಲ. ರೊಟ್ಟಿ ಬಡಿಯುತ್ತಲೇ ಒಂದು ಪ್ರಶ್ನೆ ಕೇಳಿದರು.

"‘ಅದು ಯಾವ ನೀರಿಂದು?’ ಅಂದಳು," ಎಂದು ಶಾಲನ ನೆನೆಯುತ್ತಾರೆ. "ನನಗ ಗೊತ್ತಿರಲಿಲ್ಲ. ಡಬ್ಬಿಯೊಳಗ ತುಂಬಿ ತಂದಿದ್ರು, ಎಲ್ಲಿಂದೋ. ಇಷ್ಟ ಓದೇನಿ, ಅದು ಯಾವ ನೀರಿಂದು ಅಂತ ಕೇಳಿಲ್ಲಲ್ಲ ಅನ್ನಿಸ್ತು."

ಪರೀಕ್ಷೆಗಳಿಗೆ ಬೇಕಾದಷ್ಟನ್ನು ಮುಗಿಸಿ, ಇನ್ನು ಮುಂದೆ ಕಪ್ಪೆಯನ್ನು ಕೊಲ್ಲುವುದಿಲ್ಲ ಎಂಬ ನೇಮ ತೊಟ್ಟರು. ಆ ನೇಮದೊಂದಿಗೇ ಎಂ.ಎಸ್ಸಿ. ಪದವಿ ಬಂತು, ಪಿಎಚ್‌.ಡಿ. ನೋಂದಣಿಯಾಯಿತು, ಆದರೆ ಪೂರ್ಣಗೊಳ್ಳಲಿಲ್ಲ. 1981ರಲ್ಲಿ ಸಾಂಗಲಿಯ ವಿಶ್ರಾಮಬಾಗದ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದವರು ಇಂದಿಗೂ ಅದೇ ಹುದ್ದೆಯಲ್ಲಿದ್ದಾರೆ. ಕೊಯ್ಯುವ ತರಗತಿಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಇವರ ಪಾಲಿಗೆ ಸ್ಲೈಡುಗಳು, ಸೂಕ್ಷ್ಮದರ್ಶಕಗಳು, ಅಸ್ಥಿಪಂಜರದ ಕಪಾಟು. ಮರಾಠಿಯಲ್ಲಿ ಕಪ್ಪೆಗೆ ಬೇಡೂಕ. ವಿದ್ಯಾರ್ಥಿಗಳು ಇವರನ್ನು ‘ಬೇಡೂಕ ಬಾಯಿ’ ಎನ್ನುತ್ತಾರೆ, ಹಿಂದಿನಿಂದ. ಸಹೋದ್ಯೋಗಿಗಳು ಎದುರಿಗೇ ಅನ್ನುತ್ತಾರೆ.

ಈ ಕಪ್ಪೆಯನ್ನು ಅವರು ಕಂಡದ್ದು, ಸರಿಯಾಗಿ ಹೇಳುವುದಾದರೆ ಕೇಳಿದ್ದು, 1992ರ ಜೂನಿನಲ್ಲಿ. ಕಾಲೇಜಿನ ಸೂಕ್ಷ್ಮದರ್ಶಕಗಳನ್ನು ದುರಸ್ತಿಗೆ ಕೊಡಲು ಕುಪವಾಡದ ವರ್ಕ್‌ಶಾಪಿಗೆ ಬಂದವರು ಮಳೆಗೆ ಸಿಕ್ಕಿಬಿದ್ದರು. ಮಳೆ ನಿಲ್ಲುವಷ್ಟರಲ್ಲಿ ಕತ್ತಲಾಗಿತ್ತು. ಡಾಂಬರು ರಸ್ತೆಯವರೆಗೆ ಹಸಿನೆಲ ತುಳಿದು ಹೋಗಬೇಕಿತ್ತು. ಅವರು ಹೋಗಲಿಲ್ಲ. ಮಾಲೀಕನ ಹೆಂಡತಿ ಚಾಪೆ ಕೊಟ್ಟರು, ಮಾಲೀಕ ರಿಕ್ಷಾ ತರಿಸುವುದಾಗಿ ಹೇಳಿದರು, ಕೊನೆಗೆ ಇಬ್ಬರೂ ಇವರ ತಲೆ ಸರಿಯಿಲ್ಲವೆಂದು ತಿಳಿದು ಮಲಗಿದರು. ವರ್ಕ್‌ಶಾಪಿನ ಕಟ್ಟೆಯ ಮೇಲೆ ಕುಳಿತೇ ಬೆಳಗು ಮಾಡಿದ ಅವರಿಗೆ ಪಕ್ಕದ ತಗ್ಗಿನಿಂದ ಆ ಜೋಡಿ ಬಡಿತ ಕೇಳಿತು. ಕಪ್ಪೆಗಳನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ಟಾರ್ಚ್ ಹಿಡಿದು ನಡೆಯುತ್ತಾರೆ. ನಡೆದವರಿಗೆ ಈ ದನಿ ಕೇಳುವಂತಿಲ್ಲ. ಅಂದಿನಿಂದ ಕೂರುವುದೇ ಅವರ ವಿಧಾನವಾಯಿತು.

ಅದರ ಮರುವರ್ಷವೇ ತಗ್ಗಿನ ಪಕ್ಕ ಗುರುಸಿದ್ಧಪ್ಪ ಅವರ ಶೆಡ್ಡು ಎದ್ದಿತು. ಆ ಶಬ್ದವನ್ನು ಅವರೂ ಕೇಳಿದ್ದರು. "ಬಾಜೂಕಿನ ಶೆಡ್ಡಿನ್ಯಾಗ ರಾತ್ರಿಪಾಳಿಯಾಂವ ತಗಡಿನ ಪತ್ರಾ ಬಡ್ಯಾಕತ್ತಾನಂತ ತಿಳಿದಿದ್ದೆ," ಎನ್ನುತ್ತಾರೆ. "ಒಂದ ದಿನಾ ಹೋಗಿ ಅವಂಗ ಬೈದೂ ಬಂದೆ. ಪಾಪ, ಅಂವ ಮಕ್ಕೊಂಡಿದ್ದ!"

ಕೂಗಿನ ಕ್ಯಾಸೆಟ್ಟನ್ನು ಶಾಲನ ಅವರು ಒಂದು ಸಂಶೋಧನಾ ಸಂಸ್ಥೆಗೆ ಕಳುಹಿಸಿದರು. ಬಂದ ಉತ್ತರ ಸೌಜನ್ಯದ್ದು, ನಿಯಮಬದ್ಧವಾದದ್ದು: ದನಿ ಕುತೂಹಲಕರ, ಆದರೆ ಹೊಸ ಜಾತಿಯೆಂದು ವರ್ಣಿಸಿ ಹೆಸರಿಡಲು ಸಂರಕ್ಷಿಸಿದ ದೇಹ ಬೇಕು. ಒಂದಾದರೂ ಸಾಕು. ಅಂದರೆ ಒಂದನ್ನು ಹಿಡಿದು ಸ್ಪಿರಿಟಿನ ಜಾಡಿಯಲ್ಲಿ ಮುಳುಗಿಸಬೇಕು. ಶಾಲನ ಅವರು ಬೇರೊಂದು ದಾರಿ ಹಿಡಿದರು. ತಾನಾಗಿ ಸತ್ತ ಕಪ್ಪೆಗಾಗಿ ಕಾದರು. ಒಂಬತ್ತು ಮಳೆಗಾಲಗಳಲ್ಲಿ ಅಂಥವು ಎರಡು ಸಿಕ್ಕಿವೆ. ಒಂದು ಲಾರಿಯ ಗಾಲಿಗೆ ಸಿಕ್ಕಿತ್ತು. ಇನ್ನೊಂದನ್ನು ಇರುವೆಗಳು ಮುಗಿಸಿದ್ದವು. ಎರಡೂ ಅಧ್ಯಯನಕ್ಕೆ ಬರಲಿಲ್ಲ.

ಈ ನಡುವೆ ಎರಡು ಊರುಗಳು ಒಂದಾಗುತ್ತ ಬಂದಿವೆ. ಸಾಂಗಲಿ ಮುಗಿದು ಮಿರಜ ಶುರುವಾಗುವ ಜಾಗದಲ್ಲಿ ಮೊದಲು ಹೊಲಗಳಿದ್ದವು, ಈಗ ಅಪಾರ್ಟ್‌ಮೆಂಟುಗಳಿವೆ. ಮಣ್ಣಗಪ್ಪೆಯ ದನಿ ಹುಡುಕಿ ಶಾಲನ ಅವರು ಕುಳಿತ ಬೇರೆ ತಗ್ಗುಗಳ ಮೇಲೆ ಗ್ಯಾರೇಜು, ಮಂಗಲ ಕಾರ್ಯಾಲಯ, ಕೇಬಲ್ ಕಚೇರಿ ಎದ್ದಿವೆ. ಬೇರೆಲ್ಲಿಯೂ ಆ ದನಿ ಅವರಿಗೆ ಸಿಕ್ಕಿಲ್ಲ. ಬೇರೆಲ್ಲಿಯೂ ಅದು ಇಲ್ಲವೆಂದು ಅವರು ಹೇಳುವುದಿಲ್ಲ; ತಮಗೆ ಸಿಕ್ಕಿಲ್ಲವೆಂದಷ್ಟೇ ಹೇಳುತ್ತಾರೆ.

1997ರಲ್ಲಿ ಇದೇ ತಗ್ಗಿನ ಅರ್ಧ ಭಾಗವನ್ನು ಮಣ್ಣು ಹಾಕಿ ತುಂಬಿಸಲಾಯಿತು. ಆಗ ಅವರ ವಿದ್ಯಾರ್ಥಿನಿಯಾಗಿದ್ದ ಪ್ರಣಾಲಿ ಎಂಬುವರ ನೆರವಿನಿಂದ ಹನ್ನೆರಡು ಕಪ್ಪೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಖಂಡೇರಾಜುರಿಗೆ ಒಯ್ದು, ತಂದೆಯ ಹೊಲದ ಬಾವಿಯ ಪಕ್ಕ ಬಿಟ್ಟರು. ಅಲ್ಲಿ ತಗ್ಗು ಇತ್ತು, ನೀರಿತ್ತು, ತುಂಬುವವರು ಯಾರೂ ಇರಲಿಲ್ಲ. ಮರುವರ್ಷ ಮೊದಲ ಮಳೆಗೆ ಅಲ್ಲಿ ಕುಳಿತರು. ಅದರ ಮರುವರ್ಷವೂ ಕುಳಿತರು. ಬೇರೆ ಕಪ್ಪೆಗಳು ಕೂಗಿದವು. ಜೋಡಿ ಬಡಿತ ಕೇಳಲಿಲ್ಲ.

"ಸತ್ತಾವಂತ ಹೇಳಂಗಿಲ್ಲ ನಾ. ಕೂಗಿಲ್ಲ, ಅಷ್ಟ ಗೊತ್ತು," ಎನ್ನುತ್ತಾರೆ ಅವರು. "ಅವ್ವ ಎಂಬತ್ತೊಂಬತ್ತನೇ ಇಸ್ವಿಯಾಗ ಹೋದಳು. ಇದ್ದಿದ್ರ ಆವತ್ತ ಬಾಗಲದಾಗ ನಿಂತು ಕೇಳತಿದ್ದಳು, ಇವು ಯಾವ ನೀರಿನೂ ಅಂತ."

ವಿಶ್ರಾಮಬಾಗದಲ್ಲಿ ಅವರು ಒಬ್ಬರೇ ಇರುತ್ತಾರೆ, ಗಚ್ಚಿಯ ಮೇಲಿನ ಒಂದು ಕೋಣೆಯಲ್ಲಿ. ಅದು ಸುಲಭವಾಗಿ ಸಿಕ್ಕಿದ್ದಲ್ಲ. ಮನೆ ತೋರಿಸುವವರ ಮೊದಲ ಪ್ರಶ್ನೆ ಮನೆಯಲ್ಲಿ ಯಾರ್ಯಾರಿರುತ್ತೀರಿ ಎಂಬುದು. ಮದುವೆಯ ಮಾತೂ ಒಮ್ಮೆ ನಡೆದಿತ್ತು. "ಏನ ಕೆಲಸಾ ಮಾಡತಿ ಅಂತ ವರನ ಮಾವಶಿ ಕೇಳಿದಳು. ಮಳಿಗಾಲದಾಗ ರಾತ್ರಿ ತಗ್ಗಿನ ದಂಡಿಗೆ ಕುಂದ್ರತೇನಿ ಅಂದೆ. ಚಹಾನೂ ಪೂರಾ ಕುಡೀಲಿಲ್ಲರಿ ಅವರು!" ಎಂದು ನಗುತ್ತಾರೆ. ಹೊತ್ತು ಮುಳುಗುವ ಮೊದಲು ಉಣ್ಣುವವರನ್ನು ರಾತ್ರಿಯ ಔತಣಗಳಿಗೆ ಕರೆದು ಉಪಯೋಗವಿಲ್ಲ. ಸಹೋದ್ಯೋಗಿಗಳು ಕರೆಯುವುದನ್ನು ಬಿಟ್ಟಿದ್ದಾರೆ. ಕಾಲೇಜಿನ ಮಾತೆಲ್ಲ ಮರಾಠಿ. ಕನ್ನಡಕ್ಕೆ ಉಳಿದಿರುವುದು ಗುರುಸಿದ್ಧಪ್ಪ ಮತ್ತು ಟೇಪ್‌ರೆಕಾರ್ಡರ್.

ಶುಕ್ರವಾರ ಹನ್ನೊಂದು ಗಂಟೆಗೆ ಅವರು ಜಾಡಿಯನ್ನು ಪ್ರಯೋಗಾಲಯದ ಮೇಜಿನ ಮೇಲೆ ಇಡುತ್ತಾರೆ. ಪ್ರಣಾಲಿ ಈಗ ಅದೇ ಕಾಲೇಜಿನಲ್ಲಿ ಉಪನ್ಯಾಸಕಿ, ಹುದ್ದೆಯಲ್ಲಿ ತಮ್ಮ ಗುರುವಿಗಿಂತ ಮೇಲೆ. ಜಾಡಿಯನ್ನು ತೊಳೆದು, ಸ್ಪಿರಿಟ್ ತುಂಬಿ, ಒತ್ತಾಯದಿಂದ ಕೈಗೆ ಕೊಟ್ಟವರು ಅವರೇ. ಕನ್ನಡ ಅವರಿಗೆ ಅರ್ಥವಾಗುತ್ತದೆ. ಆಡುವಾಗ ತಡವರಿಸಿ ಮರಾಠಿಗೆ ಹೊರಳುತ್ತಾರೆ.

"ಖಾಲಿ? ಬಾಯಿ, ಕಾಯ್ ಹೇ! ಒಂದ... ಒಂದ ತಗೊಂಡ್ರ ಅದಕ್ಕ ನಾವ್ ಸಿಗತೈತಿ. ನಾವ್ ಇದ್ರ ಯಾರರ ಕೇಳತಾರ. ನಾವ್ ಇಲ್ಲದ್ದು ಮಣ್ಣಾಗ ಹೋದ್ರ ಕೋಣಾಲಾ ಕಳಣಾರ?" ಮರಾಠಿಯ ‘ನಾವ್’ ಎಂದರೆ ಹೆಸರು; ಹೆಸರಿಲ್ಲದ್ದು ಮಣ್ಣಾಗಿ ಹೋದರೆ ಯಾರಿಗೆ ತಿಳಿಯುತ್ತದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪಿಲ್ಲ.

"ನಾಕ ಕೂಗಿದ್ರ ಒಂದ ತಗೊಳ್ಳೂದು ಅಂತ ಮನಸ್ಸು ಮಾಡಿ ಹೋಗಿದ್ದೆ, ಪ್ರಣಾಲಿ. ನೇಮಾ ಮುರಿಯೂದು ಅಂತ." ಶಾಲನ ಅವರು ಜಾಡಿಯ ಮುಚ್ಚಳವನ್ನು ಮತ್ತೊಮ್ಮೆ ಬಿಗಿ ಮಾಡುತ್ತಾರೆ. "ಒಂದ ಕೂಗಿತು. ಅದನ್ನ ಇದರೊಳಗ ಹಾಕಿದ್ರ ಹೆಸರ ಇರತೈತಿ. ಹೆಸರಿನ್ಯಾಗ ಕಪ್ಪಿ ಇರಂಗಿಲ್ಲ."

"ಮಗ ಸೋಮವಾರಿ?" ಹಾಗಾದರೆ ಸೋಮವಾರ ಏನು ಎಂದು ಪ್ರಣಾಲಿ ಕೇಳುತ್ತಾರೆ.

"ಸೋಮವಾರದ್ದು ಗೊತ್ತಿಲ್ಲ. ಅದು ಅಲ್ಲೇ ಇರಲಿ. ಹೆಸರಿಲ್ಲದ ಇದ್ರೂ ಅಡ್ಡಿಯಿಲ್ಲ, ಇರಲಿ."

ಪ್ರಣಾಲಿ ಜಾಡಿಯನ್ನು ಎತ್ತಿ ಕಪಾಟಿನಲ್ಲಿಡುತ್ತಾರೆ, ಕೈಗೆಟಕುವ ಸಾಲಿನಲ್ಲಿ.

ಶನಿವಾರ ನಸುಕಿನಲ್ಲೂ ಕೂಗು ಒಂದೇ. ಶುಕ್ರವಾರಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಬೇಗ ಬೇಗ. ಮೊಟ್ಟೆಗಳಿಲ್ಲ. ಕಳೆದ ವರ್ಷ ಇದೇ ವಾರದಲ್ಲಿ ತಗ್ಗಿನ ನೀರಿನ ಮೇಲೆ ಅವು ಎಳ್ಳು ಚೆಲ್ಲಿದಂತೆ ತೇಲುತ್ತಿದ್ದವು.

ಜೂನ್ ಹತ್ತು, ರವಿವಾರ. ರಾತ್ರಿ ಎರಡು ಸಲ ಮಳೆ ಸುರಿದು ನಿಂತಿದೆ. ರವಿವಾರಕ್ಕೆ ರಾತ್ರಿಪಾಳಿ ಇಲ್ಲದ್ದರಿಂದ ಲೇತ್‌ಗಳ ಸದ್ದಿಲ್ಲ. ಇಡೀ ಎಂಐಡಿಸಿ ಮೌನವಾಗಿದೆ. ಸ್ಟೂಲಿನ ಮೇಲೆ ಶಾಲನ ಅವರು ತಲೆ ವಾಲಿಸಿ ಕೇಳುತ್ತಿದ್ದಾರೆ. ದೂರದಲ್ಲಿ ಮಿರಜ ಸ್ಟೇಷನ್ನಿನ ಕಡೆ ಒಂದು ರೈಲು ಕೂಗಿ ಹೋಗುತ್ತದೆ. ಪತ್ರಾ ಮಾಡಿನಿಂದ ನೀರು ತೊಟ್ಟಿಕ್ಕುತ್ತಿದೆ. ಜೋಡಿ ಬಡಿತ ಇಲ್ಲ.

ಗುರುಸಿದ್ಧಪ್ಪ ಅವರು ಇಂದು ಬೇಗ ಬಂದಿದ್ದಾರೆ, ಚಹಾ ಇಲ್ಲದೆ. ಮೆಟ್ಟಿಲ ಮೇಲೆ ನಿಂತು, ಕಿವಿಯ ಹಿಂದೆ ಅಂಗೈ ಹಿಡಿದು ಬಹಳ ಹೊತ್ತು ಕೇಳುತ್ತಾರೆ.

"ಹೋದನೇನ್ರಿ ಬಾಯಾರ?" ಎಂದು ಮೆಲ್ಲಗೆ ಕೇಳುತ್ತಾರೆ. ಬಾಡಿಗೆದಾರನೆಂಬ ಮಾತು ಈ ಸಲ ಇಲ್ಲ.

ಶಾಲನ ಪೂರ್ವದಲ್ಲಿ ಬೆಳಕು ಬಂದು, ನೆಲದ ಕಲ್ಲು ಕಡ್ಡಿಗಳು ಬೇರೆ ಬೇರೆಯಾಗಿ ಕಾಣುವವರೆಗೆ ಕಾಯುತ್ತಾರೆ. ಅನಂತರ ಒಂದು ಪಾದ, ಇನ್ನೊಂದು ಪಾದ. ತಗ್ಗಿನ ದಂಡೆಯನ್ನು ಒಂದು ಸುತ್ತು ನೋಡುತ್ತಾರೆ. ನೀರಿನ ಮೇಲೆ ಏನೂ ಇಲ್ಲ, ತಿಳಿಯಾಗಿದೆ. ಗರಸಿನ ರಾಶಿಯನ್ನು ಬಳಸಿ ಆಚೆ ಹೋಗುತ್ತಾರೆ. ಅಲ್ಲಿ ಬಗ್ಗುತ್ತಾರೆ, ಮೊಣಕಾಲೂರುತ್ತಾರೆ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಗುರುಸಿದ್ಧಪ್ಪ ಅವರು ಮೆಟ್ಟಿಲ ತುದಿಗೆ ಬಂದು ಕತ್ತು ಚಾಚಿದ್ದಾರೆ.

ಅವರು ರೆಕಾರ್ಡರನ್ನು ಪ್ಲಾಸ್ಟಿಕ್ಕಿನಿಂದ ಹೊರತೆಗೆದು ಗುಂಡಿ ಒತ್ತುತ್ತಾರೆ. ಈ ಬಾರಿ ದನಿ ಮೆಟ್ಟಿಲವರೆಗೆ ಕೇಳಿಸುತ್ತದೆ.

"ಕುಪವಾಡ ತಗ್ಗು. ಜೂನ್ ಹತ್ತು. ಕೂಗು ಇಲ್ಲ. ಟಿಪ್ಪರಿನ ಗಾಲಿ ಗುಳಿಯೊಳಗ, ನೀರಿನ ಮ್ಯಾಲ, ಮೊಟ್ಟಿ ಅದಾವ."